ದೂರದ ಬಾಗಿಲಿಗೆ ಅಗುಳಿ

ಮನೆಯಲ್ಲಿ ಕುಳಿತು ಕಚೇರಿಯ ಕಂಪ್ಯೂಟರನ್ನು ನಡೆಸುವ ಸೌಕರ್ಯ ಈಗ ಅನೇಕರಿಗೆ ದೊರೆತಿದೆ. ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ಅಲ್ಲಿನ ಪರದೆ ಇಲ್ಲಿ ಮೂಡುತ್ತದೆ. ಇಲ್ಲಿ ಒತ್ತಿದ ಕೀಲಿ ಅಲ್ಲಿ ಅಕ್ಷರವಾಗುತ್ತದೆ. ಸೌಕರ್ಯವೇನೋ ದೊಡ್ಡದು. ಆದರೆ ನಾವು ಒಳಹೋಗುವ ಬಾಗಿಲನ್ನು ಕಳ್ಳನೂ ತಟ್ಟಬಲ್ಲನೆಂಬುದನ್ನು ಮರೆಯಲಾಗದು.

ವಿಂಡೋಸ್ ಯಂತ್ರಗಳಲ್ಲಿ ಈ ಬಾಗಿಲಿಗೆ ೩೩೮೯ ಎಂಬ ಸಂಖ್ಯೆಯುಂಟು. ಅದು ಎಲ್ಲರೂ ಬಲ್ಲ ಸಂಖ್ಯೆ. ಅದನ್ನು ಇಂಟರ್ನೆಟ್ಟಿನ ಬೀದಿಗೆ ನೇರವಾಗಿ ತೆರೆದಿಟ್ಟರೆ, ಕಳ್ಳರು ಬಿಟ್ಟ ಯಂತ್ರಗಳು ಹಗಲಿರುಳೆನ್ನದೆ ಬಂದು, ಒಂದಾದ ಮೇಲೊಂದು ಪಾಸ್‌ವರ್ಡನ್ನು ಹಾಕಿ ನೋಡುತ್ತವೆ. ಸಂಖ್ಯೆಯನ್ನು ಬದಲಿಸಿದರೆ ಸಾಲದೆ ಎಂದು ನೀವು ಕೇಳಬಹುದು. ಮನೆಯ ನಂಬರನ್ನು ಅಳಿಸಿದ ಮಾತ್ರಕ್ಕೆ ಕದ ಗಟ್ಟಿಯಾಗುವುದುಂಟೆ?

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಬಾಗಿಲನ್ನು ಬೀದಿಗಿಡದೆ ಪ್ರಾಕಾರದೊಳಗಿಡುವುದು. ವಿ.ಪಿ.ಎನ್. ಎಂಬ ವ್ಯವಸ್ಥೆಯೇ ಆ ಪ್ರಾಕಾರ. ಅದರ ಹೆಬ್ಬಾಗಿಲಿನಲ್ಲಿ ಪಾಸ್‌ವರ್ಡಿನ ಜೊತೆಗೆ, ಫೋನಿಗೆ ಬರುವ ಇನ್ನೊಂದು ಸಂಖ್ಯೆಯನ್ನೂ ಕೇಳುವಂತೆ ಮಾಡಿಸುವುದು ಒಳಿತು. ಎರಡನೆಯದು, ‘ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್’ ಎಂಬ ಕಟ್ಟುಪಾಡು. ಬಂದವರು ಯಾರೆಂದು ತಿಳಿದ ಮೇಲೆಯೇ ಇದು ಒಳಗಣ ಪರದೆಯನ್ನು ತೋರಿಸುತ್ತದೆ. ಮೂರನೆಯದು, ಉದ್ದವಾದ ಪಾಸ್‌ವರ್ಡು. ಕೆಲವು ಸಲ ತಪ್ಪಿದರೆ ಖಾತೆ ತಾನಾಗಿ ಮುಚ್ಚಿಕೊಳ್ಳಬೇಕು. ನಾಲ್ಕನೆಯದು, ಕಾಲಕಾಲಕ್ಕೆ ಬರುವ ತಿದ್ದುಪಡಿಗಳನ್ನು ಹಾಕಿಸುವುದು. ೨೦೧೯ರ ಮೇ ತಿಂಗಳಲ್ಲಿ ‘ಬ್ಲೂಕೀಪ್’ ಎಂಬ ದೋಷ ಹೊರಬಿದ್ದಿತು. ಹಳೆಯ ವಿಂಡೋಸಿನೊಳಕ್ಕೆ ಪಾಸ್‌ವರ್ಡಿಲ್ಲದೆಯೇ ನುಗ್ಗಲು ಅದು ದಾರಿಮಾಡಿಕೊಡುವಂತಿತ್ತು. ೨೦೧೪ರಲ್ಲೇ ಆಸರೆ ನಿಲ್ಲಿಸಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತಿದ್ದುಪಡಿ ಕೊಟ್ಟಿತೆಂದರೆ ಅಪಾಯ ಎಷ್ಟೆಂದು ಊಹಿಸಬಹುದು. ಇವೆಲ್ಲ ನಿಮ್ಮಿಂದಾಗದಿದ್ದರೆ ಬಲ್ಲವರಿಂದ ಮಾಡಿಸಿರಿ.

ಇಷ್ಟು ಅಗುಳಿಗಳನ್ನು ಹಾಕಿದ ಮೇಲೂ ಒಳಗಿನವರೇ ಕದ ತೆರೆದರೆ ಗತಿಯೇನು? ಬ್ಯಾಂಕಿನವನೆಂದು ಹೇಳಿಕೊಂಡು ಒಬ್ಬನು ಫೋನು ಮಾಡುತ್ತಾನೆ. ‘ಎನಿಡೆಸ್ಕ್’ ಎಂಬ ತಂತ್ರಾಂಶವನ್ನು ಹಾಕಿಕೊಳ್ಳಿರೆಂದು ಹೇಳಿ, ಅದು ತೋರಿಸುವ ಸಂಖ್ಯೆಯನ್ನು ಕೇಳುತ್ತಾನೆ. ಹೇಳಿದಿರೋ, ನಿಮ್ಮ ಪರದೆ ಅವನ ಕೈಗೆ ಹೋಯಿತು. ಈ ವಂಚನೆಯನ್ನು ಕುರಿತು ರಿಸರ್ವ್ ಬ್ಯಾಂಕು ೨೦೧೯ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಇಲ್ಲಿ ತಂತ್ರಾಂಶದ್ದು ತಪ್ಪಲ್ಲ. ಅದು ಕರೆದವರಿಗೆ ಬಾಗಿಲು ತೆರೆಯುವ ಸಾಧನ ಮಾತ್ರ.

ಆದುದರಿಂದ ನೀವಾಗಿ ಕರೆಯದವನಿಗೆ ಆ ಸಂಖ್ಯೆಯನ್ನು ಹೇಳತಕ್ಕದ್ದಲ್ಲ. ಅವನು ಎಷ್ಟೇ ವಿನಯದಿಂದ ಮಾತಾಡಲಿ, ಎಷ್ಟೇ ಅವಸರಪಡಿಸಲಿ. ಒಂದು ವೇಳೆ ಹೇಳಿಬಿಟ್ಟಿದ್ದರೆ ಕೂಡಲೆ ಇಂಟರ್ನೆಟ್ಟನ್ನು ಕಡಿದುಹಾಕಿ, ನಿಮ್ಮ ಬ್ಯಾಂಕಿಗೆ ತಿಳಿಸಿರಿ. ಹಣ ಹೋಗಿದ್ದರೆ ೧೯೩೦ ಎಂಬ ಸಹಾಯವಾಣಿಗೆ ತಡಮಾಡದೆ ಫೋನು ಮಾಡಿರಿ. ನಾಚಿಕೆಯಿಂದ ಸುಮ್ಮನಿರುವುದು ಕಳ್ಳನಿಗೇ ಅನುಕೂಲ. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಈ ಮಾತನ್ನು ಇಂದೇ ತಿಳಿಸಿರಿ.