ಕಡಲಿಲ್ಲದ ದ್ವೀಪದಲ್ಲಿ ಒಂದು ನೌಕಾ ಕಚೇರಿ

(ಕೊಣನೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಾವೇರಿಯ ದಡದಲ್ಲಿರುವ ಈ ಊರಿನಲ್ಲಿ ನೌಕಾಡಳಿತದ ವಿಷಯ ಮಾತಾಡುತ್ತೇನೆಂದಾಗ ಕೆಲವರು ನಕ್ಕರು. ನಮ್ಮ ಹೊಳೆ ಕಂಡ ನೌಕೆಯೆಂದರೆ ಹರಿಗೋಲು, ತೆಪ್ಪ. ತೂಗುಸೇತುವೆ ಬಂದ ಮೇಲೆ ಅವುಗಳ ನೆನಪೂ ಮಾಸುತ್ತಿದೆ. ಆದರೂ ಇಲ್ಲಿಂದ ರಾಮನಾಥಪುರ, ಚುಂಚನಕಟ್ಟೆಗಳನ್ನು ದಾಟಿ ಹರಿಯುವ ಇದೇ ನೀರು ಮುಂದೆ ಎರಡಾಗಿ ಕವಲೊಡೆದು ಸುತ್ತುವರಿಯುವ ಶ್ರೀರಂಗಪಟ್ಟಣ ದ್ವೀಪದಲ್ಲಿ, 1796ರಲ್ಲಿ, ಒಂದು ನೌಕಾ ಮಂಡಳಿ ಹುಟ್ಟಿತು. ಸಮುದ್ರ ಅಲ್ಲಿಗೆ ಹತ್ತಿರದಲ್ಲಿಲ್ಲ. ಮಂಗಳೂರಿಗೆ ಇಂದಿನ ರಸ್ತೆಯಲ್ಲಿಯೇ ಸುಮಾರು 250 ಕಿಲೋಮೀಟರು, ನಡುವೆ ಘಟ್ಟ ಬೇರೆ.

ಟೀಪು ಸುಲ್ತಾನ್ ಸ್ಥಾಪಿಸಿದ ಈ ಮಂಡಳಿಯಲ್ಲಿ 11 ಮಂದಿ ಅಧಿಕಾರಿಗಳಿದ್ದರು. ಅವರಿಗೆ ಮೀರ್ ಯಮ್ ಎಂಬ ಬಿರುದು. ಅವರ ಕೆಳಗೆ ಹಡಗುಗಳ ಮೇಲಿನ ಅಧಿಕಾರಕ್ಕೆ 30 ಮಂದಿ ಮೀರ್ ಬಹರ್‌ಗಳು. ಯಮ್ ಎಂದರೂ ಸಮುದ್ರ, ಬಹರ್ ಎಂದರೂ ಸಮುದ್ರ. ಹೀಗೆ ಸಮುದ್ರದ ಹೆಸರು ಹೊತ್ತ ನಲವತ್ತೊಂದು ಹುದ್ದೆಗಳು. ಕಟ್ಟಬೇಕಾಗಿದ್ದ ದೊಡ್ಡ ಹಡಗುಗಳ ಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ, ಸುಮಾರು ನಲವತ್ತು. ಅದರಲ್ಲಿ ಅರ್ಧದಷ್ಟು ಯುದ್ಧಪಂಕ್ತಿಯ ಹಡಗುಗಳು, ಉಳಿದವು ಅವಕ್ಕಿಂತ ಚಿಕ್ಕವಾದ, ವೇಗದ ಫ್ರಿಗೇಟ್‌ಗಳು.

ನನ್ನ ಕುತೂಹಲ ಇರುವುದು ಈ ಬಿರುದುಗಳಲ್ಲಿ ಅಲ್ಲ, ಮಂಡಳಿಯ ಕೆಳಗಿದ್ದ ಮೂರು ಪ್ರಾಂತೀಯ ಠಾಣೆಗಳಲ್ಲಿ. ಒಂದು ಕಾಗದದಲ್ಲಿ ಜಮಾಲಾಬಾದ್, ಅಂದರೆ ಮಂಗಳೂರು. ಎರಡನೆಯದು ವಾಜಿದಾಬಾದ್, ಇದನ್ನು ಮಿರ್ಜಾನ್ ಕಡೆಯ ಅಳಿವೆಯ ಬಳಿ ಗುರುತಿಸುತ್ತಾರೆ. ಮೂರನೆಯದು ಮಜೀದಾಬಾದ್, ಕಾಳಿ ನದಿ ಕಡಲು ಸೇರುವಲ್ಲಿನ ಸದಾಶಿವಗಡ. ಹಡಗು ಕಟ್ಟುವುದು, ಮರ ತರಿಸುವುದು, ಬಡಗಿ ಕಮ್ಮಾರರಿಗೆ ಕೂಲಿ ಕೊಡುವುದು, ನಾವಿಕರಿಗೆ ಅಕ್ಕಿ ಅಳೆಯುವುದು ಇವೆಲ್ಲ ಇಂಥ ಠಾಣೆಗಳ ಕೆಲಸ. ನೌಕಾಪಡೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಹಾಯಿ ಮತ್ತು ಫಿರಂಗಿ. ವಾಸ್ತವವಾಗಿ ಅದು ಮೊದಲು ಒಂದು ಕಚೇರಿ, ಆಮೇಲೆ ಒಂದು ಉಗ್ರಾಣ, ಕಟ್ಟಕಡೆಗೆ ಹಡಗು.

ಇಂಗ್ಲೆಂಡಿನವರು ಇದನ್ನು ಬಹಳ ಮುಂಚೆಯೇ ಅರಿತಿದ್ದರು. ಎಂಟನೆಯ ಹೆನ್ರಿ 1546ರಲ್ಲಿ ಸ್ಥಾಪಿಸಿದ ನೌಕಾಡಳಿತ ಕಚೇರಿಯೇ ಮುಂದೆ ನೇವಿ ಬೋರ್ಡ್ ಎನಿಸಿತು. ಯುದ್ಧ ಎಲ್ಲಿ, ಯಾರು ಸೇನಾನಿ ಎಂಬುದು ಅಡ್ಮಿರಾಲ್ಟಿಯ ಚಿಂತೆ. ಮರ, ಹಗ್ಗ, ಟಾರು, ಸಂಬಳ ಇವು ಬೋರ್ಡಿನ ಚಿಂತೆ. ಪೋರ್ಟ್ಸ್‌ಮತ್, ಚಾಟಮ್, ಪ್ಲಿಮತ್ ಮೊದಲಾದ ಹಡಗುಕಟ್ಟೆಗಳಲ್ಲಿ ಬೋರ್ಡಿನ ಪರವಾಗಿ ಒಬ್ಬ ಕಮಿಷನರು ಸ್ಥಳದಲ್ಲಿಯೇ ವಾಸವಿದ್ದು ಲಂಡನ್ನಿಗೆ ಬರೆಯುತ್ತಿದ್ದ. ದಿನಚರಿಯಿಂದ ಜಗತ್ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ 1660ರಲ್ಲಿ ಸೇರಿದ್ದು ಈ ಬೋರ್ಡಿನ ಗುಮಾಸ್ತೆಯ ಹುದ್ದೆಗೆ. ಗುಮಾಸ್ತೆ ಎಂದರೆ ಇಲ್ಲಿ ಸಣ್ಣ ಮನುಷ್ಯ ಎಂದು ತಿಳಿಯಬಾರದು, ಬೋರ್ಡಿನ ಸದಸ್ಯರಲ್ಲಿ ಅವನೂ ಒಬ್ಬ. 1832ರಲ್ಲಿ ಈ ಬೋರ್ಡು ರದ್ದಾಗಿ ಅಡ್ಮಿರಾಲ್ಟಿಯಲ್ಲಿ ಲೀನವಾಯಿತು. ಅಲ್ಲಿಗೆ ಅದಕ್ಕೆ ಸುಮಾರು ಮುನ್ನೂರು ವರ್ಷ ವಯಸ್ಸಾಗಿತ್ತು.

ನಮ್ಮ ಮೂರು ಠಾಣೆಗಳಿಗೆ ದೊರೆತದ್ದು ಮೂರು ವರ್ಷ.

ಮೈಸೂರಿಗೆ ಕಡಲು ಸಿಕ್ಕಿದ್ದು ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದಾಗ. ಕೆಳದಿಯವರ ಬಂದರುಗಳು ಕೈಗೆ ಬಂದೊಡನೆ ಅವನು ಹಡಗು ಕಟ್ಟಿಸಿದ. 1768ರಲ್ಲಿ ಮುಂಬಯಿಯ ಇಂಗ್ಲಿಷರು ಮಂಗಳೂರನ್ನು ಹಿಡಿದಾಗ ಆ ಪಡೆಗೆ ದೊಡ್ಡ ಪೆಟ್ಟು ಬಿತ್ತು. ಮತ್ತೆ ಕಟ್ಟಿದ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಅಳಿವೆಯಲ್ಲೇ ಅದನ್ನು ನಾಶಮಾಡಿದ. ಟೀಪುವಿನ ಕಾಲದಲ್ಲಿ ತುರ್ಕಿಯ ಸುಲ್ತಾನನಲ್ಲಿಗೆ ಹೊರಟ ರಾಯಭಾರಿಗಳು 1786ರಲ್ಲಿ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಹೊರಟರು. ದಾರಿಯಲ್ಲಿ ಹಡಗುಗಳೂ ಹೋದವು, ರೋಗಕ್ಕೆ ಬಹುಜನರೂ ಹೋದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಮೇಲೆ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ. ಕೈಬಿಟ್ಟ ಸೀಮೆಗಳಲ್ಲಿ ಮಲಬಾರೂ ಒಂದು. ಮಲಬಾರು ಹೋಯಿತೆಂದರೆ ಅಲ್ಲಿನ ಬಂದರು ಮಾತ್ರವಲ್ಲ, ತೇಗದ ಕಾಡೂ ಹೋಯಿತು. ಉಳಿದದ್ದು ಕನ್ನಡ ಕರಾವಳಿ.

ಉಳಿದ ಕರಾವಳಿಗೆ ಹೋಗುವ ದಾರಿಯನ್ನು ಕಾಯಲು ನಿಂತದ್ದೇ ನಮ್ಮ ಜಿಲ್ಲೆಯ ಮಂಜರಾಬಾದ್ ಕೋಟೆ. ಸಕಲೇಶಪುರದ ಬಳಿಯ ಆ ಎಂಟು ಮೂಲೆಯ ನಕ್ಷತ್ರವನ್ನು ನೋಡಲು ಹೋದವರು ಅದರ ಆಕಾರಕ್ಕೆ ಬೆರಗಾಗಿ, ಅದು ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದನ್ನು ಮರೆತು ಬರುತ್ತಾರೆ. ಮಂಗಳೂರಿನ ಹಾದಿ ಕೈತಪ್ಪಿದರೆ ರಾಜಧಾನಿಯಿಂದ ಹೊರಟ ಆಜ್ಞೆಯೂ ಹಣವೂ ಘಟ್ಟದ ಮೇಲೆಯೇ ನಿಲ್ಲಬೇಕು. ಹಾಗೆ ನೋಡಿದರೆ ಹಾಸನ ಸೀಮೆಗೂ ಈ ನೌಕಾಡಳಿತಕ್ಕೂ ಸಂಬಂಧ ಇಲ್ಲದೆ ಇಲ್ಲ.

1796ರ ಮಂಡಳಿಯನ್ನು ಕೆಲವರು ಸೋತವನ ಹಗಲುಗನಸೆಂದು ತಳ್ಳಿಹಾಕುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಎರಡು ಬಾರಿ ಹಡಗು ಕಟ್ಟಿ ಕಳೆದುಕೊಂಡ ಮನೆತನ, ಮೂರನೆಯ ಬಾರಿ ಕಚೇರಿಯಿಂದ ಆರಂಭಿಸಿತು. ಕ್ರಮ ಸರಿಯಾಗಿಯೇ ಇತ್ತು. ಕೊರತೆಯಾದದ್ದು ಪಳಗಿದ ನಾವಿಕರದ್ದು, ಹಣದ್ದು, ಎಲ್ಲಕ್ಕಿಂತ ಮಿಗಿಲಾಗಿ ಕಾಲದ್ದು. ಕಾಡಿನಲ್ಲಿ ಕಡಿದ ಮರ ಒಣಗಿ ಹದವಾಗಲೇ ವರ್ಷಗಳು ಬೇಕು. ಇದಕ್ಕೊಂದು ಕಟು ನಿದರ್ಶನವಿದೆ. 1797ರಲ್ಲಿ ಮಾರಿಷಸ್ಸಿನ ಫ್ರೆಂಚರ ಬಳಿಗೆ ಸಹಾಯ ಕೇಳಲು ಟೀಪು ದೂತರನ್ನು ಕಳಿಸಿದ. ಹನ್ನೊಂದು ಮೀರ್ ಯಮ್‌ಗಳಿದ್ದ ರಾಜ್ಯದ ದೂತರು ಹೋದದ್ದು, ಮಂಗಳೂರಿಗೆ ಜಖಂಗೊಂಡು ಬಂದಿದ್ದ ರಿಪೋ ಎಂಬ ಫ್ರೆಂಚ್ ಸಾಹಸಿಯ ಜೊತೆಯಲ್ಲಿ. 1798ರ ಏಪ್ರಿಲಿನಲ್ಲಿ ಮರಳಿದ್ದು ಫ್ರೆಂಚರ ಫ್ರಿಗೇಟಿನಲ್ಲಿ. ಜೊತೆಗೆ ಬಂದ ಸ್ವಯಂಸೇವಕರು ನೂರಕ್ಕಿಂತ ಕಡಿಮೆ. ಆ ನೂರು ಜನರ ನೆಪ ಮಾಡಿಕೊಂಡು ಗವರ್ನರ್ ಜನರಲ್ ವೆಲ್ಲೆಸ್ಲಿ ಯುದ್ಧ ಹೂಡಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಈ ಕಚೇರಿಯ ನಿಯಮಗಳು ನಮಗೆ ತಿಳಿದ ಬಗೆಯೂ ವಿಚಿತ್ರವೇ. ಅರಮನೆಯಲ್ಲಿ ಸಿಕ್ಕ ಫಾರಸಿ ಕಾಗದಗಳನ್ನು ಕಂಪನಿಯ ಅಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ತಿರುಗಿಸಿ 1811ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದ. ಟೀಪುವನ್ನು ಕಂಡರೆ ಆಗದ ಮನುಷ್ಯ ಅವನು. ಟಿಪ್ಪಣಿಗಳುದ್ದಕ್ಕೂ ಅದು ಕಾಣುತ್ತದೆ. ಆದರೂ ಅವನು ಉಳಿಸಿದ್ದರಿಂದ ಉಳಿಯಿತು.

ಗೆದ್ದವರಿಗೂ ಬೇಕಾದದ್ದು ಆ ಮರವೇ. 1806ರಲ್ಲಿ ಕಂಪನಿ ವಾಟ್ಸನ್ ಎಂಬ ಕ್ಯಾಪ್ಟನ್‌ನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಈ ದೇಶದ ಮೊದಲ ಅರಣ್ಯ ಸಂರಕ್ಷಕನ ಕೆಲಸ ಕಾಡು ಉಳಿಸುವುದಲ್ಲ, ಬ್ರಿಟಿಷ್ ನೌಕಾಪಡೆಗೆ ಮಲಬಾರಿನ ತೇಗ ಒದಗಿಸುವುದು! ಜನರ ಗೋಳು ಹೆಚ್ಚಿ, ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೊ 1823ರಲ್ಲಿ ಆ ಹುದ್ದೆಯನ್ನೇ ರದ್ದುಮಾಡಿಸಿದ. ಕೆನರಾದ ಮೊದಲ ಕಲೆಕ್ಟರಾಗಿ ಈ ಕರಾವಳಿಯನ್ನು ಓಡಾಡಿ ಬಲ್ಲವನು ಅವನು. ಮಲಬಾರಿನ ತೇಗದಿಂದ ಮುಂಬಯಿಯಲ್ಲಿ 1817ರಲ್ಲಿ ಕಟ್ಟಿದ ಟ್ರಿಂಕೋಮಲೀ ಎಂಬ ಫ್ರಿಗೇಟು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ನೀರಿನ ಮೇಲೆ ನಿಂತಿದೆ. ನಮ್ಮ ಮೂರು ಠಾಣೆಗಳ ಮರ ಹೇಗಿದ್ದಿರಬಹುದೆಂದು ಊಹಿಸಲು ಅದೊಂದೇ ಸಾಕು.

ಮುಂದೆ ಮೈಸೂರು ಕಡಲಿಲ್ಲದ ಸಂಸ್ಥಾನವಾಯಿತು. ಕರಾವಳಿ ಕಂಪನಿಯ ಪಾಲಾಗಿ, 1862ರಲ್ಲಿ ಅದರ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. ಮೂರು ಠಾಣೆಗಳಲ್ಲಿ ಎರಡು ಒಂದು ಪ್ರಾಂತದಲ್ಲಿ, ಒಂದು ಇನ್ನೊಂದರಲ್ಲಿ. ಎಲ್ಲವೂ ಮತ್ತೆ ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು, 157 ವರ್ಷಗಳ ನಂತರ. ನಮ್ಮ ಈ ಕಡೆಯವರಿಗೆ ಕಡಲು ಪರಕೀಯವೆನಿಸುವುದಕ್ಕೆ ಘಟ್ಟದ ಎತ್ತರವೊಂದೇ ಕಾರಣವಲ್ಲ.

ಈಗ ಸದಾಶಿವಗಡದ ಗುಡ್ಡ ಹತ್ತಿದರೆ ಕಾಳಿಯ ಆಚೆ ಕಾರವಾರ ಕಾಣುತ್ತದೆ. ಅದರ ದಕ್ಷಿಣಕ್ಕೆ ಭಾರತೀಯ ನೌಕಾಪಡೆಯ ನೆಲೆ. ಅಡ್ಮಿರಲ್ ಡಾಸನ್ ಎಂಬತ್ತರ ದಶಕದ ಆರಂಭದಲ್ಲಿ ಕಂಡ ಯೋಜನೆಗೆ 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು, ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಹತ್ತೊಂಬತ್ತು ವರ್ಷ! ಇಂದು ಕರ್ನಾಟಕ ನೌಕಾ ವಲಯ ಎಂಬ ಪ್ರಾಂತೀಯ ಕಚೇರಿಗೆ ಒಬ್ಬ ಧ್ವಜಾಧಿಕಾರಿ ಇದ್ದಾರೆ. ವಿಮಾನವಾಹಕ ವಿಕ್ರಮಾದಿತ್ಯ ರಷ್ಯಾದಿಂದ 2014ರ ಜನವರಿಯಲ್ಲಿ ನೇರವಾಗಿ ಬಂದದ್ದು ಅಲ್ಲಿಗೇ. ಟೀಪುವಿನ ಕಚೇರಿಗೆ ಸಿಗದೆ ಹೋದ ಕಾಲ ಈ ಕಚೇರಿಗೆ ಸಿಕ್ಕಿತು.

ಅದರ ಬೆಲೆಯನ್ನೂ ಹೇಳಬೇಕು. ಈ ನೆಲೆಗೆಂದು 11 ಸಾವಿರ ಎಕರೆಗೂ ಮೀರಿದ ಜಾಗ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಅವರಲ್ಲಿ ಗದ್ದೆಯವರಿದ್ದರು, ಬಲೆಯವರಿದ್ದರು. ಹೇಮಾವತಿಗೆ ಮನೆ ಹೊಲ ಮುಳುಗಿಸಿಕೊಂಡವರ ನಡುವೆ ಬಾಳುತ್ತಿರುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಬಲೆಯವರ ಕಷ್ಟ ಮಾತ್ರ ಒಂದು ಕೈ ಹೆಚ್ಚು: ಹೊಲಕ್ಕೆ ಬದಲು ಹೊಲವನ್ನಾದರೂ ಕೇಳಬಹುದು, ಕಡಲದಡಕ್ಕೆ ಬದಲು ಏನನ್ನು ಕೇಳುವುದು? ಪರಿಹಾರದ ಮೊತ್ತದ ವ್ಯಾಜ್ಯಗಳು ನ್ಯಾಯಾಲಯಗಳಲ್ಲಿ ದಶಕಗಳ ಕಾಲ ನಡೆದವು. 1796ರ ಠಾಣೆಗಳಿಗಾಗಿ ಎಷ್ಟು ಮನೆ ಎದ್ದವು, ಎಷ್ಟು ಮರ ಬಿದ್ದವು ಎಂದು ಕರ್ಕ್‌ಪ್ಯಾಟ್ರಿಕ್ ಅಚ್ಚುಹಾಕಿಸಿದ ನಿಯಮಾವಳಿಯಲ್ಲಿ ಯಾರೂ ಹುಡುಕುವಂತಿಲ್ಲ. ಕಾರವಾರದವರ ಹೆಸರುಗಳಾದರೋ ಸರ್ವೆ ನಂಬರಿನ ಸಮೇತ ಕಡತಗಳಲ್ಲಿವೆ.