ಉಪ್ಪುನೀರಿನ ಲೆಕ್ಕ ಹಾಕಿದ ಜ್ಞಾನಚಂದ್ರ ಘೋಷ್



ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ಕದಡಿದರೆ ಅದರಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಸ್ವೀಡನ್ನಿನ ಅರೇನಿಯಸ್ 1880ರ ದಶಕದಲ್ಲಿ ಇದಕ್ಕೆ ಕಾರಣ ಹೇಳಿದ. ನೀರಿನಲ್ಲಿ ಲವಣದ ಒಂದಷ್ಟು ಪಾಲು ಧನ, ಋಣ ಅಯಾನುಗಳಾಗಿ ಒಡೆಯುತ್ತದೆ, ವಿದ್ಯುತ್ತನ್ನು ಹೊರುವುದು ಅವೇ ಎಂದ. ವಿನೆಗರಿನ ಆಮ್ಲಕ್ಕೆ ಈ ಲೆಕ್ಕ ಸರಿಹೋಯಿತು. ಅಡುಗೆಮನೆಯ ಉಪ್ಪಿಗೆ ಮಾತ್ರ ಹೊಂದಲಿಲ್ಲ! ಭೌತ ರಸಾಯನವಿಜ್ಞಾನಿಗಳ ತಲೆ ತಿಂದ ಒಗಟು ಇದು.

1918ರಲ್ಲಿ ಇದಕ್ಕೆ ಕೈಹಾಕಿದವರು ಕಲ್ಕತ್ತೆಯ ತರುಣ ಅಧ್ಯಾಪಕ ಜ್ಞಾನಚಂದ್ರ ಘೋಷ್. ಹುಟ್ಟಿದ್ದು 1894ರಲ್ಲಿ, ಪುರುಲಿಯಾದಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಅವರ ಶಿಷ್ಯರು. ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಅವರ ಸಹಪಾಠಿ.

ಉಪ್ಪಿನ ಹರಳಿನಲ್ಲಿ ಅಣುಗಳೇ ಇಲ್ಲ, ಅಯಾನುಗಳು ಸಾಲುಗಟ್ಟಿ ನಿಂತಿವೆ ಎಂದು ಬ್ರಾಗ್ ತಂದೆ-ಮಗ 1913ರಲ್ಲಿ ಎಕ್ಸ್‌ರೇ ಮೂಲಕ ತೋರಿಸಿದ್ದರು. ಹರಳಿನಲ್ಲೇ ಬಿಡಿಬಿಡಿಯಾಗಿರುವುದು ನೀರಿಗೆ ಬಿದ್ದ ಮೇಲೆ ಒಡೆಯುವ ಮಾತೆಲ್ಲಿ? ಕರಗಿದ ಉಪ್ಪೆಲ್ಲ ಅಯಾನುಗಳೇ ಎಂದರು ಘೋಷ್. ನೀರಿನಲ್ಲೂ ಅವು ಹರಳಿನಲ್ಲಿದ್ದಂತೆ ಸಾಲಾಗಿ ನಿಲ್ಲುತ್ತವೆ, ಪರಸ್ಪರ ಸೆಳೆತವನ್ನು ಮೀರುವಷ್ಟು ಚಲನಶಕ್ತಿಯುಳ್ಳವು ಮಾತ್ರ ಬಿಡಿಸಿಕೊಂಡು ವಿದ್ಯುತ್ತನ್ನು ಹೊರುತ್ತವೆ ಎಂದು ಲೆಕ್ಕ ಕಟ್ಟಿದರು. ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆ ಅದನ್ನು ಅಚ್ಚುಮಾಡಿತು.

ಆದರೆ ಐದೇ ವರ್ಷ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಬೇರೆಯೇ ಚಿತ್ರ ಬರೆದರು. ಅಯಾನುಗಳು ಸಾಲಾಗಿ ನಿಲ್ಲುವುದಿಲ್ಲ. ಪ್ರತಿಯೊಂದರ ಸುತ್ತ ವಿರುದ್ಧ ಆವೇಶದ ಮಬ್ಬು ಕವಿದಿರುತ್ತದೆ. ಘೋಷ್ ಲೆಕ್ಕದಲ್ಲಿ ಪರಿಣಾಮ ಉಪ್ಪಿನ ಸಾಂದ್ರತೆಯ ಘನಮೂಲವನ್ನು ಅನುಸರಿಸಬೇಕು. ತೆಳು ದ್ರಾವಣಗಳಲ್ಲಿ ಕೋಲ್‌ರಾಷ್ ಬಹಳ ಹಿಂದೆಯೇ ಅಳೆದಿಟ್ಟದ್ದು ವರ್ಗಮೂಲವನ್ನು. ಸಾಲುಗಳ ಕಲ್ಪನೆ ಅಲ್ಲಿಗೆ ಕುಸಿಯಿತು. ಉಪ್ಪು ಪೂರ್ತಿ ಒಡೆದಿರುತ್ತದೆ, ಅಯಾನುಗಳ ಸೆಳೆತವನ್ನೇ ಲೆಕ್ಕ ಹಾಕಬೇಕು ಎಂಬ ಎರಡು ಮಾತು ಉಳಿದವು. ಅವು ಘೋಷರೊಬ್ಬರದೇ ಅಲ್ಲ. ಡೆನ್ಮಾರ್ಕಿನ ಬ್ಯೆರುಮ್, ಇಂಗ್ಲೆಂಡಿನ ಮಿಲ್ನರ್ ಕೂಡ ಆ ದಾರಿಯಲ್ಲಿದ್ದರು. ಆದರೂ ಗೆದ್ದ ಸಿದ್ಧಾಂತದ ಹೆಸರನ್ನಷ್ಟೇ ಬಾಯಿಪಾಠ ಮಾಡಿಸುವ ನಮ್ಮ ಪಾಠಕ್ರಮ ಘೋಷರನ್ನು ಇಷ್ಟು ಸುಲಭವಾಗಿ ಬಿಟ್ಟುಬಿಟ್ಟದ್ದು ನನಗೆ ಸರಿಕಾಣುವುದಿಲ್ಲ. ಸಹಾ, ಬೋಸ್ ಹೆಸರು ಎಲ್ಲರಿಗೂ ಗೊತ್ತು, ಇವರದು?

ಘೋಷ್ 1921ರಲ್ಲಿ ಢಾಕಾಕ್ಕೆ ಹೋಗಿ, ಹೊಸ ವಿಶ್ವವಿದ್ಯಾಲಯದಲ್ಲಿ ಹದಿನೆಂಟು ವರ್ಷ ರಸಾಯನವಿಜ್ಞಾನ ಕಲಿಸಿದರು. 1939ರಲ್ಲಿ ನಮ್ಮ ಬೆಂಗಳೂರಿಗೆ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. 1937ರಲ್ಲಿ ಆ ಹುದ್ದೆ ಬಿಟ್ಟಿದ್ದ ಸಿ.ವಿ. ರಾಮನ್ ಆಗ ಅಲ್ಲೇ ಭೌತವಿಜ್ಞಾನದ ಪ್ರಾಧ್ಯಾಪಕರು! ಅದು ಯುದ್ಧದ ಕಾಲ. ಊರಿನ ಇನ್ನೊಂದು ತುದಿಯಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಎದ್ದಿತ್ತು. 1942ರಲ್ಲಿ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಅಯಾನುಗಳ ಲೆಕ್ಕ ಹಾಕಿದ್ದವರು ಎಂಜಿನು, ಲೋಹ, ಇಂಧನಗಳ ಕಡೆಗೆ ಹೊರಳಿದ್ದರು.

ಸ್ವಾತಂತ್ರ್ಯಾನಂತರ ದೇಶದ ಮೊದಲ ಐಐಟಿಯನ್ನು ಖರಗಪುರದಲ್ಲಿ ಕಟ್ಟುವ ಹೊಣೆ ಅವರ ಹೆಗಲಿಗೆ ಬಿತ್ತು. ಸಿಕ್ಕ ಕಟ್ಟಡ ಹಿಜ್ಲಿಯ ಬಂದಿಖಾನೆ. 1931ರಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರಾಜಕೀಯ ಬಂದಿಗಳು ಬಲಿಯಾದದ್ದು ಅಲ್ಲೇ. 1951ರಲ್ಲಿ ಮೊದಲ ತಂಡದ ಹುಡುಗರು ಪಾಠ ಕೇಳಿದ್ದೂ ಅದೇ ಕಟ್ಟಡದಲ್ಲಿ. ಮುಂದೆ ಕಲ್ಕತ್ತೆಯ ಕುಲಪತಿ ಸ್ಥಾನ, ಯೋಜನಾ ಆಯೋಗ ಎಂದು ಓಡಾಡುತ್ತಲೇ ಇದ್ದ ಘೋಷ್ 1959ರ ಜನವರಿಯಲ್ಲಿ ತೀರಿಕೊಂಡರು.