ಸೋತದ್ದು ಲೆಕ್ಕದಲ್ಲಲ್ಲ!

(ಬಡಾವಣೆಯ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣಕ್ಕೆ ಮುಂಚೆ ಒಂದು ಲೆಕ್ಕ. ಪೆನ್ನು ಬೇಡ, ತಲೆ ಸಾಕು. ಅಜ್ಜಿ ಹಲಸಿನ ಹಣ್ಣು ಬಿಡಿಸಿದಳು. ಅರ್ಧದಷ್ಟು ತೊಳೆ ಪಕ್ಕದ ಮನೆಗೆ ಕೊಟ್ಟಳು. ಉಳಿದದ್ದರಲ್ಲಿ ಮೂರನೇ ಒಂದು ಪಾಲನ್ನು ಮಗಳಿಗೆ ಕಟ್ಟಿಕೊಟ್ಟಳು. ಕೊನೆಗೆ ೮ ತೊಳೆ ಉಳಿದವು. ಮೊದಲು ಇದ್ದದ್ದೆಷ್ಟು?

೨೪ ಎಂದವರಿಗೆ ಶಹಬ್ಬಾಸ್! ೪೮ ಎಂದವರು ನಾಚಬೇಕಿಲ್ಲ. ನಿಮ್ಮ ಕೂಡುವುದು, ಕಳೆಯುವುದು ಎಲ್ಲ ಸರಿ. ಜಾರಿಹೋದದ್ದು ಒಂದೇ ಪದ: ‘ಉಳಿದದ್ದರಲ್ಲಿ’. ಇಡೀ ಹಣ್ಣಿನ ಮೂರನೇ ಒಂದು ಪಾಲು ಎಂದುಕೊಂಡರೆ ಆರರಲ್ಲಿ ಐದು ಪಾಲು ಖಾಲಿ. ಮಿಕ್ಕ ಒಂದು ಪಾಲು ೮ ಆದರೆ ಒಟ್ಟು ೪೮ ತಾನೆ? ಒಂದು ಪದ ತಪ್ಪಿದರೆ ಉತ್ತರ ಎರಡರಷ್ಟು!

ಇದೇ ಲೆಕ್ಕವನ್ನು ನಮ್ಮ ಬೀದಿಯ ಆರನೇ ತರಗತಿ ಹುಡುಗಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಮನೆ ಕನ್ನಡ, ಶಾಲೆ ಇಂಗ್ಲಿಷ್. ಬಹಳ ಹೊತ್ತು ತಿಣುಕಿ ೪೮ ಎಂದಳು. ಕನ್ನಡದಲ್ಲಿ ಹೇಳಿದೆ. ನಾನು ಬಾಯಿ ಮುಚ್ಚುವಷ್ಟರಲ್ಲಿ ೨೪! ಆದರೆ ಶಾಲೆಯ ಲೆಕ್ಕದಲ್ಲಿ ಅವಳು ದಡ್ಡಿ. ಆ ಮಾತನ್ನು ಅವಳೂ ನಂಬಿಬಿಟ್ಟಿದ್ದಾಳೆ. ಇದಕ್ಕಿಂತ ಅನ್ಯಾಯ ಬೇಕೆ?

‘ಕನ್ನಡದಲ್ಲಿ ಗಣಿತವೇ?’ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಹೇಳಿ, ೧೨ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದ. ಅದಕ್ಕೂ ಮುಂಚೆ, ಸುಮಾರು ೮೫೦ರಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ರಚಿಸಿದ. ಅದು ಸಂಸ್ಕೃತ ಗ್ರಂಥ, ನಿಜ. ಆದರೆ ಅದರಲ್ಲಿರುವ ಅಂಕಿಗಳ ಹಾರ ನೋಡಿ: ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ಎಡದಿಂದ ಓದಿ, ಬಲದಿಂದ ಓದಿ, ಒಂದೇ! ಇನ್ನು ೧೫೨೨೦೭ನ್ನು ೭೩ರಿಂದ ಗುಣಿಸಿ. ಉತ್ತರ ನಾನು ಹೇಳುವುದಿಲ್ಲ. ಮನೆಗೆ ಹೋಗಿ ಮಾಡಿ, ಖುಷಿಪಡಿ.

ಇಂಗ್ಲಿಷ್ ಬೇಡ ಎನ್ನುತ್ತಿಲ್ಲ, ಕಲಿಯಲಿ. ಆದರೆ ಇಂಗ್ಲಿಷ್ ತಿಳಿಯದ್ದಕ್ಕೆ ಗಣಿತದ ಅಂಕ ಕಳೆಯುವುದು ಯಾವ ನ್ಯಾಯ?

ಅಂಗಡಿ ಬೋರ್ಡಿನ ಮೇಲೆ ಕನ್ನಡ ಬೇಕು ಎಂದು ಕೂಗಿದ್ದೇವೆ. ಇನ್ನೂ ಕೂಗೋಣ. ಆದರೆ ಮಕ್ಕಳು ಯೋಚಿಸುವ ಜಾಗದಲ್ಲೂ ಕನ್ನಡ ಬೇಡವೆ? ಘೋಷಣೆ ಕೂಗುವ ಗಂಟಲಿಗೆ ಭಾನುವಾರ ಒಂದು ಗಂಟೆ ಬಿಡುವು ಕೊಡಿ. ನಿಮ್ಮ ಬೀದಿಯ ನಾಲ್ಕು ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿ. ಬಸ್ ಟಿಕೆಟ್ಟು, ತರಕಾರಿ ಚೀಲ, ಕ್ರಿಕೆಟ್ ರನ್ನು, ಯಾವುದಾದರೂ ಸರಿ, ಕನ್ನಡದಲ್ಲಿ ಲೆಕ್ಕ ಕೇಳಿ. ಬಿಡಿಸಿದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ತೋರಿಸಿ, ‘ಉಳಿದದ್ದರಲ್ಲಿ’ ಎಂಬ ಮಾತು ಅಲ್ಲಿ ಎಲ್ಲಿ ಅಡಗಿದೆ ಎಂದು ಅವರೇ ಹುಡುಕಲಿ.

ಆ ಹುಡುಗಿಯ ಹಣೆಯ ಮೇಲಿನ ‘ದಡ್ಡಿ’ ಎಂಬ ಪಟ್ಟಿಯನ್ನು ಸರ್ಕಾರ ಬಂದು ಕೀಳುವುದಿಲ್ಲ. ನಾವೇ ಕೀಳಬೇಕು. ಬರುವ ಭಾನುವಾರವೇ ಶುರುವಾಗಲಿ!